ಬಾಣಗಳ ನಡುವಿನ ಖಾಲಿ ಜಾಗ: ಹೃತ್ಕರ್ಣದ ಕರೆಂಟು ಎಲ್ಲಾ ಕಡೆ ಒಂದೇ ಅಲ್ಲ

ಹೃದಯದಲ್ಲಿ ಕರೆಂಟು ಹರಿಯುವ ದಾರಿ ಬರೆಯಿರಿ ಅಂದರೆ ನಾವೆಲ್ಲ ಒಂದೇ ಚಿತ್ರ ಬರೆಯುತ್ತೇವೆ. ಹೃದಯದ ಮೇಲಿನ ಕೋಣೆಯಾದ ಬಲ ಹೃತ್ಕರ್ಣದ ಮೇಲ್ಗಡೆ ಸೈನಸ್ ನೋಡ್, ಬಡಿತ ಹುಟ್ಟುವ ಜಾಗ. ಅಲ್ಲಿಂದ, ಕೆಳಗಿನ ಕೋಣೆಗಳಿಗೆ ಬಾಗಿಲಿನಂತಿರುವ ಎವಿ ನೋಡ್‌ಗೆ ಎರಡು ಮೂರು ಬಾಣ. ಕೆಳಗೆ ಹೃತ್ಕುಕ್ಷಿ, ಅಂದರೆ ಕೆಳಗಿನ ಕೋಣೆ. ಬಾಣಗಳ ನಡುವಿನ ಖಾಲಿ ಜಾಗದ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ. ಶಿವಮೊಗ್ಗದಿಂದ ರಜೆಗೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ ಅಜ್ಜಿಯ ನಾಡಿ ಹಿಡಿದೆ. ಎರಡು ಬಡಿತ ಹತ್ತಿರ, ಒಂದು ದೂರ, ಆಮೇಲೆ ಮೂರು ಗಡಿಬಿಡಿಯಲ್ಲಿ. ಇಸಿಜಿಯಲ್ಲಿ, ಹೃತ್ಕರ್ಣದಲ್ಲಿ ಕರೆಂಟು ಹರಿದಾಗ ಮೂಡುವ ಪಿ ಅಲೆಯೇ ಇರಲಿಲ್ಲ. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃತ್ಕರ್ಣ ತಾಳ ತಪ್ಪಿ ಅದುರುವುದು. ಆ ಖಾಲಿ ಜಾಗವನ್ನು ಓದಲು ಕೂತದ್ದು ಆಮೇಲೆ.

ಒಂದು ಜೀವಕೋಶ ಕರೆಂಟು ದಾಟಿಸಿದ ಮೇಲೆ ಸ್ವಲ್ಪ ಹೊತ್ತು ಮತ್ತೆ ಏಳುವುದಿಲ್ಲ. ಅದೇ ರಿಫ್ರಾಕ್ಟರಿ ಅವಧಿ. ಬೇಸಿಗೆಯಲ್ಲಿ ಬ್ಯಾಣದ ಹುಲ್ಲಿಗೆ ಬೆಂಕಿ ಬಿದ್ದದ್ದನ್ನು ಮಲೆನಾಡಿನವರು ನೋಡಿರುತ್ತೀರಿ. ಸುಟ್ಟ ಜಾಗಕ್ಕೆ ಬೆಂಕಿ ತಿರುಗಿ ಬರುವುದಿಲ್ಲ, ಅಲ್ವಾ? ಮತ್ತೆ ಹುಲ್ಲು ಬರಬೇಕು. ಹೃತ್ಕರ್ಣದ ಹುಲ್ಲು ಎಲ್ಲಾ ಕಡೆ ಒಂದೇ ಹೊತ್ತಿಗೆ ಬೆಳೆದರೆ ತೊಂದರೆ ಇಲ್ಲ. ಬೆಂಕಿ ಅಂಚಿಗೆ ಹೋಗಿ ಆರುತ್ತದೆ. ಒಂದು ಕಡೆ ಬೇಗ, ಪಕ್ಕದಲ್ಲಿ ತಡ ಆದರೆ? ತಡವಾದ ಜಾಗದಲ್ಲಿ ಅಲೆ ತಡೆದು ನಿಲ್ಲುತ್ತದೆ, ಬೇಗ ಬೆಳೆದ ಕಡೆಯಿಂದ ಬಳಸಿಕೊಂಡು ಹೋಗುತ್ತದೆ. ಬಳಸಿ ಬರುವಷ್ಟರಲ್ಲಿ ತಡವಾದ ಜಾಗವೂ ಸಿದ್ಧ. ಹಿಂದಿನಿಂದ ಅದರೊಳಗೆ ನುಗ್ಗಿ, ಹೊರಟಲ್ಲಿಗೇ ಬಂದು ಸುತ್ತುತ್ತಾ ಉಳಿಯುತ್ತದೆ. ಇದೇ ರೀಎಂಟ್ರಿ.

ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಸುತ್ತಲು ಬೇಕಾದ ಉದ್ದ ಅಂದರೆ ವೇಗ ಗುಣಿಸು ರಿಫ್ರಾಕ್ಟರಿ ಅವಧಿ. ಸೆಕೆಂಡಿಗೆ 80 ಸೆಂ.ಮೀ. ವೇಗ, 0.25 ಸೆಕೆಂಡ್ ಅವಧಿ ಇದ್ದರೆ 20 ಸೆಂ.ಮೀ. ಹೃತ್ಕರ್ಣದಲ್ಲಿ ಅಷ್ಟು ದೊಡ್ಡ ಸುತ್ತಿಗೆ ಜಾಗ ಸಿಗುವುದು ಕಷ್ಟ. ಎರಡೂ ಅರ್ಧಕ್ಕೆ ಇಳಿದರೆ ಬರೀ 5 ಸೆಂ.ಮೀ. ಆಗ ಒಂದಲ್ಲ, ಎಷ್ಟೋ ಸುತ್ತುಗಳಿಗೆ ಜಾಗ ಇದೆ.

ಹುಲ್ಲು ಎಲ್ಲಿ ಬೇಗ, ಎಲ್ಲಿ ತಡ? ನಾಯಿಯ ಹೃದಯದಲ್ಲಿ ಅಳೆದು ನೋಡಿದಾಗ ಬಲಕ್ಕಿಂತ ಎಡ ಹೃತ್ಕರ್ಣದ ಅವಧಿ ಕಡಿಮೆ. ಅಲ್ಲಿ ಐಕೆಆರ್ ಎಂಬ ಪೊಟ್ಯಾಸಿಯಂ ಕರೆಂಟು ಜಾಸ್ತಿ, ಹಾಗಾಗಿ ಜೀವಕೋಶ ಬೇಗ ಸುಧಾರಿಸಿಕೊಳ್ಳುತ್ತದೆ. ಬಲ ಹೃತ್ಕರ್ಣದ ಒಳಗೂ ಒಂದೇ ಥರ ಇಲ್ಲ. ಕ್ರಿಸ್ಟಾ ಟರ್ಮಿನಾಲಿಸ್ ಎಂಬ ಸ್ನಾಯುವಿನ ಏಣಿನಲ್ಲಿ ಕ್ಯಾಲ್ಸಿಯಂ ಕರೆಂಟು ಹೆಚ್ಚು, ಅವಧಿ ಉದ್ದ. ಕವಾಟದ ಬಳೆಯ ಹತ್ತಿರ ಅವಧಿ ಗಿಡ್ಡ. ಆಗುಂಬೆಯ ಮಳೆ ಶಿಕಾರಿಪುರದಲ್ಲಿ ಬೀಳುವುದಿಲ್ಲ, ಜಿಲ್ಲೆ ಒಂದೇ ಆದರೂ.

ಎಲ್ಲಕ್ಕಿಂತ ಬೇರೆಯಾಗಿರುವುದು, ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಪಲ್ಮನರಿ ವೇನ್‌ಗಳ ಬಾಯಿ. ಎಡ ಹೃತ್ಕರ್ಣದ ಸ್ನಾಯು ತೋಳಿನ ಹಾಗೆ ಆ ರಕ್ತನಾಳಗಳ ಮೇಲೆ ಸ್ವಲ್ಪ ದೂರ ಹಬ್ಬಿರುತ್ತದೆ. ಅಲ್ಲಿ ಅವಧಿ ಗಿಡ್ಡ, ಸ್ನಾಯುವಿನ ಎಳೆಗಳು ತಟ್ಟನೆ ದಿಕ್ಕು ಬದಲಿಸುತ್ತವೆ. 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಹೈಸಾಗೇರ್ ಮತ್ತು ಜೊತೆಗಾರರು 45 ರೋಗಿಗಳಲ್ಲಿ ಫಿಬ್ರಿಲೇಶನ್ ಹುಟ್ಟಿಸುವ 69 ಬಿಂದುಗಳನ್ನು ಹುಡುಕಿದರು. ಅದರಲ್ಲಿ 65 ಇದ್ದದ್ದು ಈ ನಾಳಗಳಲ್ಲಿ. ಇವತ್ತು, ತೊಂದರೆ ಕೊಡುವ ಸ್ನಾಯುವಿನಲ್ಲಿ ಕರೆಂಟು ಹರಿಯದಂತೆ ಮಾಡುವ ಚಿಕಿತ್ಸೆಯಾದ ಅಬ್ಲೇಶನ್‌ನಲ್ಲಿ ಈ ನಾಳಗಳ ಬಾಯಿಯ ಸುತ್ತ ಗೆರೆ ಹಾಕಿ ಬೇರ್ಪಡಿಸುವುದು ಇದಕ್ಕೇ. 69ರಲ್ಲಿ 65, ಈ ಸಂಖ್ಯೆ ನೆನಪಿಡಿ, ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಹೃದಯದ ಬಡಿತ ನಿಧಾನ ಮಾಡುವ ವೇಗಸ್ ನರವನ್ನು ಮರೆಯಬೇಡಿ. ಅದು ಬಿಡುವ ಅಸಿಟೈಲ್‌ಕೋಲಿನ್ ರಿಫ್ರಾಕ್ಟರಿ ಅವಧಿಯನ್ನು ಗಿಡ್ಡ ಮಾಡುತ್ತದೆ. ಆದರೆ ನರದ ತುದಿಗಳು ಎಲ್ಲಾ ಕಡೆ ಸಮನಾಗಿ ಹರಡಿಲ್ಲ. ಒಂದು ಕಡೆ ತುಂಬಾ ಗಿಡ್ಡ, ಇನ್ನೊಂದು ಕಡೆ ಸುಮಾರಾಗಿ. ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ಕೆಲವರಿಗೆ ರಾತ್ರಿ ಮಲಗಿದಾಗ, ಊಟ ಆದ ಮೇಲೆ ಫಿಬ್ರಿಲೇಶನ್ ಶುರುವಾಗುವುದು ಹೀಗೆ.

ಇನ್ನು ವೇಗ. ಬಲದಿಂದ ಎಡಕ್ಕೆ ಕರೆಂಟು ದಾಟುವ ಮುಖ್ಯ ಸೇತುವೆ ಬಾಕ್‌ಮನ್ ಬಂಡಲ್, 1916ರಲ್ಲಿ ವಿವರಿಸಿದ್ದು. ಅದು ಹಾಳಾದರೆ ಎಡಭಾಗ ತಡವಾಗಿ ಏಳುತ್ತದೆ. ಪಿ ಅಲೆಯ ಮೊದಲರ್ಧ ಬಲದ್ದು, ಕೊನೆಯರ್ಧ ಎಡದ್ದು. ಹಾಗಾಗಿ ಅಲೆ ಅಗಲವಾಗುತ್ತದೆ. ಇಸಿಜಿ ಕಾಗದದ 3 ಸಣ್ಣ ಚೌಕ, ಅಂದರೆ 120 ಮಿಲಿಸೆಕೆಂಡ್ ಮುಟ್ಟಿದರೆ ನಿಂತು ನೋಡಿ.

ಅಜ್ಜಿಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಕೆಲವು ವರ್ಷ ಹಿಂದಿನ ಇಸಿಜಿ ಸಿಕ್ಕಿತು. ಆಗ ನಾಡಿ ಸರಿಯಾಗಿಯೇ ಇತ್ತು. ಇಸಿಜಿಯ ಒಂದು ಸಾಲಾದ ಲೀಡ್ 2ರಲ್ಲಿ ಪಿ ಅಲೆ ಮೂರೂವರೆ ಚೌಕ ಅಗಲ, ನೆತ್ತಿಯಲ್ಲಿ ಒಂದು ಸಣ್ಣ ತಗ್ಗು.