ಹೆಲಿಕಾಪ್ಟರ್ ಪದವನ್ನು ಎಲ್ಲಿ ಒಡೆಯಬೇಕು?

ಇಂಗ್ಲಿಷ್ ಓದಲು ಕಲಿಯುವವರಿಗೆ ‘ಹೆಲಿಕಾಪ್ಟರ್’ ಪದವನ್ನು ಎರಡು ತುಂಡು ಮಾಡಿ ಅಂದರೆ ಸಾಮಾನ್ಯವಾಗಿ ‘ಹೆಲಿ’, ‘ಕಾಪ್ಟರ್’ ಅನ್ನುತ್ತಾರೆ. ಕಿವಿಗೆ ಅದೇ ಸರಿ. ಆದರೆ ಪದ ಕೂಡಿಕೊಂಡಿದ್ದು ಬೇರೆ ಕಡೆ. ಮೂಲ ಗ್ರೀಕ್. ‘ಹೆಲಿಕೊ’ ಅಂದರೆ ಸುರುಳಿ, ‘ಪ್ಟೆರ್’ ಅಂದರೆ ರೆಕ್ಕೆ. ಹಿಂದೆ ಹಾರಾಡುತ್ತಿದ್ದ ಟೆರೊಡ್ಯಾಕ್ಟಿಲ್ ಪ್ರಾಣಿಯ ಹೆಸರು ಬರೆಯುವಾಗ ಮೊದಲಲ್ಲೇ ಒಂದು ‘ಪಿ’ ಸುಮ್ನೆ ಕೂತಿರುತ್ತದಲ್ವಾ, ಅದೂ ಇದೇ ರೆಕ್ಕೆಯದು.

ಅಂದರೆ ಬಾಯಿ ಒಡೆಯುವ ಜಾಗ ಒಂದು, ಅರ್ಥ ಒಡೆಯುವ ಜಾಗ ಇನ್ನೊಂದು. ಕನ್ನಡದಲ್ಲೂ ಹೀಗೇ. ‘ಊರಲ್ಲಿ’ ಪದವನ್ನು ಊ-ರ-ಲ್ಲಿ ಎಂದು ಓದುತ್ತೇವೆ. ಅರ್ಥ ಮಾತ್ರ ‘ಊರು’ ಮತ್ತು ‘ಅಲ್ಲಿ’. ಗೆರೆ ಬೀಳುವುದು ‘ರ’ ಅಕ್ಷರದ ಒಳಗೇ.

ಬಾಯಿಯ ತುಂಡಿಗೆ ಸಿಲಬಲ್ ಎನ್ನುತ್ತಾರೆ. ಎಷ್ಟು ಸ್ವರ ಕೇಳಿಸುತ್ತದೋ ಅಷ್ಟು ಸಿಲಬಲ್. ಅಕ್ಷರ ಎಣಿಸಿ ಪ್ರಯೋಜನವಿಲ್ಲ. ‘ಸ್ಟ್ರೆಂತ್ಸ್’ ಬರೆಯಲು 9 ಅಕ್ಷರ ಬೇಕು, ಸಿಲಬಲ್ ಒಂದೇ. ‘ಏರಿಯಾ’ಗೆ 4 ಅಕ್ಷರ ಸಾಕು, ಸಿಲಬಲ್ ಮೂರು.

ಜಾಸ್ತಿ ಜನ ಎಡವುವುದು ಭೂತಕಾಲದ ‘ಇ-ಡಿ’ಯಲ್ಲಿ. ಬರವಣಿಗೆಯಲ್ಲಿ ಕಾಣುತ್ತದೆ ಅಂತ ‘ವಾಕೆಡ್’ ಎಂದು ಓದುತ್ತಾರೆ. ಸರಿಯಾದದ್ದು ‘ವಾಕ್ಟ್’. ಅರ್ಥದ ತುಂಡು ಎರಡು, ಸಿಲಬಲ್ ಒಂದು. ಕ್ರಿಯಾಪದ ‘ಟ’ ಅಥವಾ ‘ಡ’ ಸದ್ದಿನಲ್ಲಿ ಮುಗಿದರೆ ಮಾತ್ರ ‘ಇ-ಡಿ’ಗೆ ತನ್ನದೇ ಸಿಲಬಲ್ ಸಿಗುತ್ತದೆ: ವಾಂಟೆಡ್, ನೀಡೆಡ್.

ಉದ್ದ ಪದ ಎದುರಾದಾಗ ನಾನು ಮೊದಲು ಅರ್ಥದ ಕಡೆಯಿಂದ ಬಿಡಿಸುತ್ತೇನೆ. 20 ಅಕ್ಷರಗಳ ‘ಇಂಟರ್‌ನ್ಯಾಷನಲೈಸೇಷನ್’ ತೆಗೆದುಕೊಳ್ಳಿ. ಮುಂದಿನ ‘ಇಂಟರ್’ ಕಳಚಿ. ಹಿಂದಿನಿಂದ ‘ಏಷನ್’, ‘ಐಸ್’, ‘ಅಲ್’ ಒಂದೊಂದಾಗಿ ಕಳಚಿ. ಉಳಿಯುವುದು ‘ನೇಷನ್’. ಒಂಟಿಯಾಗಿದ್ದಾಗ ‘ನೇ’, ‘ಅಲ್’ ಸೇರಿದ ಕೂಡಲೇ ‘ನ್ಯಾ’. ಸದ್ದು ಬದಲಾಯಿತು, ಸ್ಪೆಲಿಂಗ್ ಕದಲಲಿಲ್ಲ. ಇಂಗ್ಲಿಷ್ ಸ್ಪೆಲಿಂಗಿಗೆ ತಲೆಬುಡವಿಲ್ಲ ಎಂದು ಬೈಯುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಎಷ್ಟೋ ಕಡೆ ಅದು ಸದ್ದನ್ನು ಬಿಟ್ಟು ಅರ್ಥವನ್ನು ಹಿಡಿದುಕೊಂಡಿರುತ್ತದೆ.

ಆದರೆ ಕಂಡದ್ದೆಲ್ಲ ತುಂಡಲ್ಲ. ‘ಅಂಕಲ್’ ಪದದ ಮೊದಲಿಗೆ ಇರುವ ‘ಯು-ಎನ್’ಗೂ ‘ಅನ್‌ಹ್ಯಾಪಿ’ಯ ‘ಅನ್’ಗೂ ಸಂಬಂಧವಿಲ್ಲ. ‘ಕಾರ್ಪೆಟ್’ನಲ್ಲಿ ಕಾರೂ ಇಲ್ಲ, ಪೆಟ್ ಕೂಡ ಇಲ್ಲ. ಹಾಗಾಗಿ ತುಂಡನ್ನು ಕಳಚಿದ ಮೇಲೆ ಉಳಿದದ್ದಕ್ಕೆ ಅರ್ಥವಿದೆಯೇ, ಆ ಅರ್ಥ ಇಡೀ ಪದಕ್ಕೆ ಹೊಂದುತ್ತದೆಯೇ ನೋಡಿ. ‘ಅನ್’ ತೆಗೆದರೆ ‘ಹ್ಯಾಪಿ’ ಉಳಿಯುತ್ತದೆ. ‘ಅಂಕಲ್’ನಲ್ಲಿ ಉಳಿಯುವ ‘ಸಿ-ಎಲ್-ಇ’ಗೆ ಏನೂ ಅರ್ಥವಿಲ್ಲ.