ಪ್ಯಾಸಿವ್ ಸಬ್‌ವೂಫರ್: ಫಿಲ್ಟರ್ ಆಂಪ್‌ಗೆ ಮುಂಚೆನಾ, ಆಮೇಲಾ?

ಸಬ್‌ವೂಫರ್ (ಸಬ್) ಅಂದ್ರೆ ಬೇಸ್ ಸೌಂಡ್‌ಗೇ ಇರೋ ಸ್ಪೀಕರ್. ಪ್ಯಾಸಿವ್ ಸಬ್ ಅಂದ್ರೆ ಡಬ್ಬದೊಳಗೆ ಆಂಪ್ಲಿಫೈಯರ್ (ಆಂಪ್) ಇರಲ್ಲ, ಡ್ರೈವರ್ (ಕೋನ್ ಇರೋ ಸ್ಪೀಕರ್ ಯೂನಿಟ್) ಮತ್ತೆ ಎರಡು ಟರ್ಮಿನಲ್ ಅಷ್ಟೇ. ರಿಸೀವರ್‌ನ ಸಬ್ ಔಟ್‌ಗೆ ನೇರ ಸೇರಿಸಿದ್ರೆ ಕೆಲ್ಸ ಆಗಲ್ಲ, ಅದು ಲೈನ್ ಲೆವೆಲ್ ಸಿಗ್ನಲ್, ಕೋನ್ ಅಲ್ಲಾಡಿಸೋಷ್ಟು ಕರೆಂಟ್ ಅದ್ರಲ್ಲಿಲ್ಲ. ಮಧ್ಯೆ ಪವರ್ ಆಂಪ್ ಬೇಕೇ ಬೇಕು.

ಇನ್ನು ಫಿಲ್ಟರ್, ಅಂದ್ರೆ ಬೇಸ್ ಮಾತ್ರ ಸಬ್‌ಗೆ ಕಳಿಸಿ ಅದಕ್ಕಿಂತ ಮೇಲಿನ ಫ್ರೀಕ್ವೆನ್ಸಿಗಳ್ನ ತಡೆಯೋದು. ಸುಮಾರು ಜನ ಆಂಪ್ ಆದ್ಮೇಲೆ, ಸ್ಪೀಕರ್ ವೈರ್‌ನಲ್ಲೇ ಒಂದು ಕಾಯಿಲ್ ಹಾಕ್ತಾರೆ. ಲೆಕ್ಕ ಸುಲಭ, ಓಮ್‌ ಸಂಖ್ಯೆನ 2 × 3.14 × ಫ್ರೀಕ್ವೆನ್ಸಿಯಿಂದ ಭಾಗಿಸಿ. 8 ಓಮ್ ಸಬ್‌ನ 100 ಹರ್ಟ್ಸ್‌ಗೆ ಕಟ್ ಮಾಡ್ಬೇಕಂದ್ರೆ 8 ಭಾಗಿಸು 628, ಸುಮಾರು 0.0127 ಹೆನ್ರಿ, ಅಂದ್ರೆ 12.7 ಮಿಲಿಹೆನ್ರಿ. ಇದು ತುಂಬಾ ದೊಡ್ಡ ಕಾಯಿಲ್, ಅಷ್ಟು ಸುತ್ತು ತಂತಿಗೆ ಅದರದ್ದೇ ರೆಸಿಸ್ಟೆನ್ಸ್ ಇರತ್ತೆ, ಪವರ್ ಒಂದಿಷ್ಟು ಬಿಸಿಯಾಗಿ ಹೋಗತ್ತೆ, ಕೋನ್ ಮೇಲೆ ಆಂಪ್‌ನ ಹಿಡಿತಾನೂ ಸಡಿಲ ಆಗತ್ತೆ. ಇಷ್ಟಾದ್ರೂ ಕಟ್ ಆಗೋದು ಆಕ್ಟೇವ್‌ಗೆ (ಫ್ರೀಕ್ವೆನ್ಸಿ ಎರಡು ಪಟ್ಟಾದಾಗೆಲ್ಲ) ಸುಮಾರು 6 ಡೆಸಿಬೆಲ್, ಲೆಕ್ಕ ಹಾಕಿದ್ರೆ 200 ಹರ್ಟ್ಸ್‌ನಲ್ಲಿ ಬರೀ 7 ಡೆಸಿಬೆಲ್ ಕಮ್ಮಿ, ಹಾಗಾಗಿ ಗಂಡಸಿನ ದನಿ ಸಬ್ ಇರೋ ಮೂಲೆಯಿಂದಾನೂ ಕೇಳ್ಸತ್ತೆ. ಮುಖ್ಯವಾದ್ದು ಇನ್ನೊಂದಿದೆ: 8 ಓಮ್ ಅನ್ನೋದು ಹೆಸರಿಗೆ ಮಾತ್ರ, ರೆಸೊನೆನ್ಸ್ (ಕೋನ್ ತಾನಾಗೇ ಜಾಸ್ತಿ ಅಲ್ಲಾಡೋ ಫ್ರೀಕ್ವೆನ್ಸಿ) ಹತ್ರ ಡ್ರೈವರ್‌ನ ಇಂಪೆಡೆನ್ಸ್ (ಓಮ್‌ನಲ್ಲಿ ಅಳೆಯೋ, ಕರೆಂಟ್‌ಗೆ ಒಡ್ಡೋ ತಡೆ) ಅದರ ಎಷ್ಟೋ ಪಟ್ಟು ಏರತ್ತೆ, ಆಗ ನಾವು ಹಾಕಿದ ಲೆಕ್ಕಾನೇ ತಪ್ಪತ್ತೆ.

ಅದಕ್ಕೇ ಫಿಲ್ಟರ್ ಆಂಪ್‌ಗೆ ಮುಂಚೆನೇ ಇರ್ಲಿ ಅಂತೀನಿ. ಅಲ್ಲಿ ಡ್ರೈವರ್ ಇಂಪೆಡೆನ್ಸ್‌ಗೂ ಫಿಲ್ಟರ್‌ಗೂ ಸಂಬಂಧನೇ ಇಲ್ಲ, ಆಕ್ಟೇವ್‌ಗೆ 24 ಡೆಸಿಬೆಲ್ ಕಟ್ ಕೂಡ ಆರಾಮಾಗಿ ಸಿಗತ್ತೆ. ಎವಿ (ಹೋಮ್ ಥಿಯೇಟರ್) ರಿಸೀವರ್ ಇದ್ರೆ ಅದರ ಮೆನುನಲ್ಲಿ ಸ್ಪೀಕರ್‌ಗಳ್ನ ಸ್ಮಾಲ್ ಅಂತ ಇಟ್ಟು (ಅವುಗಳ ಬೇಸ್ ಸಬ್‌ಗೆ ಹೋಗತ್ತೆ) ಕ್ರಾಸೋವರ್ (ಸ್ಪೀಕರ್, ಸಬ್ ಸೌಂಡ್ ಹಂಚಿಕೊಳ್ಳೋ ಫ್ರೀಕ್ವೆನ್ಸಿ) 80 ಹರ್ಟ್ಸ್‌ಗೆ ತನ್ನಿ, ಆಮೇಲೆ ಸಬ್ ಆಂಪ್‌ನಲ್ಲಿರೋ ಲೋ ಪಾಸ್ ನಾಬ್‌ನ (ಇದೂ ಅದೇ ಥರ ಫಿಲ್ಟರ್) ಪೂರ್ತಿ ಮೇಲಕ್ಕೆ ತಿರುಗಿಸ್ಬಿಡಿ, ಇಲ್ಲಾಂದ್ರೆ ಎರಡೆರಡು ಸಲ ಕಟ್ ಆಗಿ ಕ್ರಾಸೋವರ್ ಹತ್ರ ಸೌಂಡಲ್ಲಿ ಗುಂಡಿ ಬೀಳತ್ತೆ.

ಓಮ್ ನೋಡ್ಕೊಳ್ಳಿ. 4 ಓಮ್‌ನ ಎರಡು ವಾಯ್ಸ್ ಕಾಯಿಲ್ ಇದ್ರೆ ಸೀರೀಸ್‌ನಲ್ಲಿ 8, ಪ್ಯಾರಲಲ್‌ನಲ್ಲಿ 2. ಆಂಪ್‌ನ ಬ್ರಿಡ್ಜ್ ಮಾಡಿದ್ರೆ (ಎರಡು ಚಾನೆಲ್ ಸೇರಿಸಿ ಒಂದೇ ಸಬ್‌ಗೆ ಕೊಟ್ರೆ) ಒಂದೊಂದು ಚಾನೆಲ್‌ಗೆ ಇದರ ಅರ್ಧನೇ ಕಾಣೋದು, ಹಾಗಾಗಿ ಆಂಪ್ ಹಿಂದೆ ಬರೆದಿರೋ ಮಿನಿಮಮ್ ಓಮ್ ಓದದೆ ಆನ್ ಮಾಡ್ಬೇಡಿ.

ಕೊನೇಲಿ ಪೊಲಾರಿಟಿ. ಸ್ಪೀಕರ್, ಸಬ್ ಎರಡೂ ಆನ್ ಇಟ್ಟು 80 ಹರ್ಟ್ಸ್ ಟೋನ್ ಹಾಕಿ, ಕೂರೋ ಜಾಗದಿಂದ ಕೇಳಿ. ಆಂಪ್ ಆಫ್ ಮಾಡಿ ಸಬ್‌ನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಮತ್ತೆ ಕೇಳಿ. ಯಾವ್ದ್ರಲ್ಲಿ ಸೌಂಡ್ ಜಾಸ್ತಿ ಬರತ್ತೋ ಹಾಗೇ ಬಿಡಿ.