ಹೂಳು ಹೇಳುವ ಸೀಸದ ಗೋತ್ರ

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಊರಿನ ಎದುರಿಗೆ, ಕಡಲತಳದಲ್ಲಿ ಸುಮಾರು 600 ಮೀಟರ್ ಆಳಕ್ಕೆ ಬೋಗುಣಿಯಂಥ ಒಂದು ತಗ್ಗಿದೆ. ಅಲ್ಲಿನ ತಳದ ನೀರಿನಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ ಕೆಸರನ್ನು ಕೊರೆದು ಕಲಸಿಹಾಕುವ ಹುಳುಗಳು ಬದುಕುವುದಿಲ್ಲ. ಚಳಿಗಾಲದ ಮಳೆಯಲ್ಲಿ ಹೊಳೆಗಳು ತಂದ ಜೇಡಿ ಒಂದು ಕಪ್ಪು ಪದರವಾಗಿ, ವಸಂತ ಮತ್ತು ಬೇಸಿಗೆಯಲ್ಲಿ ಬೆಳೆದು ಸತ್ತ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳ ಚಿಪ್ಪು ಒಂದು ತಿಳಿ ಪದರವಾಗಿ, ವರ್ಷಕ್ಕೊಂದು ಜೋಡಿಯಂತೆ ಕೆಲವೇ ಮಿಲಿಮೀಟರ್ ದಪ್ಪಕ್ಕೆ ಹೂಳು ಕೂರುತ್ತಲೇ ಇರುತ್ತದೆ. ಕೊಳವೆ ಇಳಿಸಿ ಆ ಹೂಳನ್ನು ಮೇಲೆತ್ತಿ, ಉದ್ದಕ್ಕೆ ಸೀಳಿ ನೋಡಿದರೆ ಮರದ ಉಂಗುರಗಳನ್ನು ಎಣಿಸಿದಂತೆ ವರ್ಷಗಳನ್ನು ಎಣಿಸಬಹುದು. ಪದರಗಳು ಇಷ್ಟು ಸ್ಪಷ್ಟವಾಗಿರದ ಕಡೆ, ಸುಮಾರು 22 ವರ್ಷಕ್ಕೆ ಅರ್ಧದಷ್ಟು ಕ್ಷಯಿಸುವ (ಇದೇ ಅದರ ಅರ್ಧಾಯು) ವಿಕಿರಣಶೀಲ ಸೀಸ-210 ಎಷ್ಟು ಉಳಿದಿದೆ ಎಂದು ಅಳೆದು ಕಾಲ ಗೊತ್ತುಮಾಡುತ್ತಾರೆ.

ಈ ತಗ್ಗಿನಿಂದಲೂ ನೆರೆಯ ಸಾಂಟಾ ಮೋನಿಕಾ, ಸ್ಯಾನ್ ಪೆಡ್ರೊ ತಗ್ಗುಗಳಿಂದಲೂ ತೆಗೆದ ಹೂಳನ್ನು ಪರೀಕ್ಷಿಸಿದ ವಿಜ್ಞಾನಿ ತ್ಸೈಹ್ವಾ ಚೌ ಮತ್ತು ಸಂಗಡಿಗರು 1973ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. 1940ರ ದಶಕದಿಂದ ಈಚಿನ ಪದರಗಳಲ್ಲಿ ಸೀಸ ಏರುತ್ತ ಬಂದಿತ್ತು. ಆದರೆ ಸೀಸ ಹೆಚ್ಚಿದೆ ಎಂದರೆ ಅರ್ಧ ಮಾತು ಹೇಳಿದಂತೆ. ಬೆಟ್ಟದ ಬಂಡೆ ಸವೆದರೂ ಹೂಳಿಗೆ ಸೀಸ ಬರುತ್ತದೆ, ಲೋಹ ಕರಗಿಸುವ ಕುಲುಮೆಯ ಹೊಗೆಯಿಂದಲೂ ಬರುತ್ತದೆ, ಬಣ್ಣ, ಬ್ಯಾಟರಿಗಳಿಂದಲೂ ಬರುತ್ತದೆ, ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಅದರ ಹೊಗೆಯಿಂದಲೂ ಬರುತ್ತಿತ್ತು. ಇದು ಯಾರ ಸೀಸ ಎಂದು ಕೇಳಿದಾಗ ಉತ್ತರಿಸಬಲ್ಲದ್ದು ಅದರ ಪ್ರಮಾಣವಲ್ಲ, ಅದರ ಸಮಸ್ಥಾನಿಗಳು, ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು.

ಸೀಸಕ್ಕೆ ನಾಲ್ಕು ಸ್ಥಿರ ಸಮಸ್ಥಾನಿಗಳಿವೆ: 204, 206, 207, 208. ಇವುಗಳಲ್ಲಿ 204 ಭೂಮಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ. ಉಳಿದ ಮೂರು ದಿನದಿನಕ್ಕೂ ಹೆಚ್ಚುತ್ತಿವೆ, ಏಕೆಂದರೆ ಯುರೇನಿಯಂ-238 ಕ್ಷಯಿಸುತ್ತ 206 ಆಗುತ್ತದೆ, ಯುರೇನಿಯಂ-235 ಕ್ಷಯಿಸಿ 207, ಥೋರಿಯಂ-232 ಕ್ಷಯಿಸಿ 208 ಆಗುತ್ತವೆ. ಯುರೇನಿಯಂ-235ರ ಅರ್ಧಾಯು ಸುಮಾರು 70 ಕೋಟಿ ವರ್ಷ ಮಾತ್ರವಾದ್ದರಿಂದ ಅದರ ಬಹುಪಾಲು ಎಂದೋ ಮುಗಿದುಹೋಗಿದೆ. 447 ಕೋಟಿ ವರ್ಷ ಅರ್ಧಾಯುವಿನ 238 ಮಾತ್ರ ಇನ್ನೂ ನಿಧಾನವಾಗಿ 206ನ್ನು ಕೂಡಿಸುತ್ತಲೇ ಇದೆ. ಅದಿರು ಕಟ್ಟಿಕೊಳ್ಳುವಾಗ ಸೀಸ ಯುರೇನಿಯಂ, ಥೋರಿಯಂಗಳ ಸಹವಾಸ ಬಿಟ್ಟು ಬೇರಾಗುತ್ತದೆ, ಮತ್ತು ಆ ಗಳಿಗೆಯ ಅನುಪಾತ ಅಲ್ಲಿಗೇ ನಿಂತುಬಿಡುತ್ತದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಅದಿರು ಸುಮಾರು 170 ಕೋಟಿ ವರ್ಷ ಹಳೆಯದು. ಅದರಲ್ಲಿ 206ಕ್ಕೂ 207ಕ್ಕೂ ಇರುವ ಅನುಪಾತ 1.04ರ ಆಸುಪಾಸು. ಅಮೆರಿಕದ ಮಿಸೌರಿಯ ಅದಿರಿನಲ್ಲಿ ಅದೇ ಅನುಪಾತ 1.3ನ್ನೂ ದಾಟುತ್ತದೆ. ಸಾಧಾರಣ ಕಲ್ಲುಮಣ್ಣಿನ ಹೂಳಿನದು 1.2ರ ಹತ್ತಿರ. ಸೀಸ ಭಾರದ ಧಾತುವಾದ್ದರಿಂದ ಸುಟ್ಟರೂ, ಕರಗಿಸಿದರೂ, ಆಮ್ಲದಲ್ಲಿ ನೆನೆಸಿದರೂ ಈ ಅನುಪಾತ ಕದಲುವುದಿಲ್ಲವೆಂದೇ ಹೇಳಬಹುದು.

ಚೌ ಈ ಜಾಡು ಹಿಡಿದದ್ದು ಕ್ಲೇರ್ ಪ್ಯಾಟರ್ಸನ್ ಜೊತೆ ಕೆಲಸ ಮಾಡಿದ ಅನುಭವದಿಂದ. ಇದೇ ಸಮಸ್ಥಾನಿಗಳನ್ನು ಉಲ್ಕೆಗಳಲ್ಲಿ ಅಳೆದು 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು ತೋರಿಸಿದವರು ಪ್ಯಾಟರ್ಸನ್. ಆ ದಾರಿಯಲ್ಲಿ ಅವರಿಗೆ ಅಡ್ಡ ಬಂದದ್ದು ಉಲ್ಕೆಯ ಸೀಸವಲ್ಲ, ಪ್ರಯೋಗಾಲಯದ ಧೂಳಿನಲ್ಲಿದ್ದ ಸೀಸ. ಭೂಮಿಯ ವಯಸ್ಸು ಹುಡುಕಲು ಹೊರಟವರು ಪೆಟ್ರೋಲಿನ ಹೊಗೆಯ ಎದುರು ನಿಲ್ಲಬೇಕಾಗಿ ಬಂತು. 1965ರಲ್ಲಿ ಚೌ ಮತ್ತೊಬ್ಬ ಸಹೋದ್ಯೋಗಿಯೊಡನೆ ಲಾಸ್ ಏಂಜಲೀಸ್ ಗಾಳಿಯ ಸೀಸವನ್ನೂ ಅಲ್ಲಿ ಮಾರಾಟವಾಗುತ್ತಿದ್ದ ಪೆಟ್ರೋಲಿನ ಸೀಸವನ್ನೂ ಹೋಲಿಸಿದರು. ಎರಡರ ಅನುಪಾತವೂ ಹೊಂದಿಕೊಂಡಿತು. ಎಂಟು ವರ್ಷಗಳ ಬಳಿಕ ಹೂಳಿನ ಮೇಲಣ ಪದರಗಳೂ ಅದೇ ದಿಕ್ಕಿಗೆ ವಾಲಿದ್ದವು.

ಲೆಕ್ಕ ನೋಡಲು ಸುಲಭ. ಆಳದ, ಅಂದರೆ ಕಾರುಗಳಿಗಿಂತ ಹಿಂದಿನ ಹೂಳಿನಲ್ಲಿ ಗ್ರಾಂಗೆ 20 ಮೈಕ್ರೋಗ್ರಾಂ ಸೀಸವಿದ್ದು ಅನುಪಾತ 1.20 ಇದೆಯೆಂದುಕೊಳ್ಳೋಣ. ಮೇಲಿನ ಪದರದಲ್ಲಿ 40 ಮೈಕ್ರೋಗ್ರಾಂ ಇದ್ದು ಅನುಪಾತ 1.15 ಬಂದರೆ, ಹೊಸದಾಗಿ ಸೇರಿದ 20 ಮೈಕ್ರೋಗ್ರಾಂನ ಅನುಪಾತ ಹತ್ತಿರಹತ್ತಿರ 1.10 ಆಗಿರಲೇಬೇಕು. ಅಳತೆ ಮಾತ್ರ ಅಷ್ಟು ಸುಲಭವಲ್ಲ. ಒಣಗಿಸಿದ ಹೂಳನ್ನು ಮೊದಲು ತೆಳು ಆಮ್ಲದಲ್ಲಿ ತೊಳೆಯುತ್ತಾರೆ. ಕಣಗಳ ಮೈಗೆ ಅಂಟಿಕೊಂಡ, ಹೆಚ್ಚಾಗಿ ಹೊರಗಿನಿಂದ ಬಂದ ಸೀಸ ಅದರಲ್ಲಿ ಬಿಟ್ಟುಕೊಳ್ಳುತ್ತದೆ, ಖನಿಜದೊಳಗೆ ಹುದುಗಿದ್ದು ಹಿಂದೆ ಉಳಿಯುತ್ತದೆ. ಆಮೇಲೆ ಅಂಟುರಾಳದ ಮಣಿಗಳನ್ನು ತುಂಬಿದ ಪುಟ್ಟ ಕೊಳವೆಯ ಮೂಲಕ ದ್ರಾವಣವನ್ನು ಹನಿಹನಿಯಾಗಿ ಇಳಿಸಿ ಸೀಸವನ್ನಷ್ಟೇ ಬೇರ್ಪಡಿಸಿ, ಪರಮಾಣುಗಳನ್ನು ತೂಕದ ಪ್ರಕಾರ ಬಿಡಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುತ್ತಾರೆ. ಧೂಳು ಸೋಸಿದ ಕೋಣೆಯಲ್ಲದೆ ಬೇರೆಡೆ ಇದನ್ನು ಮಾಡಿದರೆ ಅಳೆಯುವುದು ಕಡಲಿನ ಸೀಸವನ್ನೋ ಕೋಣೆಯದನ್ನೋ ಎಂಬುದೇ ತಿಳಿಯದು.

ಈ ಅನುಪಾತವನ್ನು ಸೀಸದ ಬೆರಳಚ್ಚು ಎನ್ನುವ ರೂಢಿಯಿದೆ. ನನಗೆ ಆ ಹೋಲಿಕೆ ಒಪ್ಪಿಗೆಯಿಲ್ಲ. ಬೆರಳಚ್ಚು ಒಬ್ಬನದೇ, ಇದು ಗೋತ್ರದಂತೆ, ಒಂದೇ ಗೋತ್ರಕ್ಕೆ ನೂರು ಮನೆಗಳು. ಅನುಪಾತ ಹೇಳುವುದು ಗಣಿಯನ್ನೇ ಹೊರತು ಹೊಗೆ ಬಿಟ್ಟವರನ್ನಲ್ಲ. ಎರಡು ಕಾರ್ಖಾನೆಗಳು ಒಂದೇ ಗಣಿಯ ಸೀಸ ಕೊಂಡಿದ್ದರೆ ಎರಡನ್ನೂ ಬೇರೆ ಮಾಡಲಾಗದು. ಹಳೆಯ ಬ್ಯಾಟರಿಗಳನ್ನು ಕರಗಿಸಿದ ಸೀಸದಲ್ಲಂತೂ ಹತ್ತು ಗೋತ್ರ ಕಲೆತಿರುತ್ತವೆ. ಮೂಲಗಳು ಮೂರಾದರೆ ಒಂದು ಅನುಪಾತ ಸಾಲದೆ 208ನ್ನೂ ಲೆಕ್ಕಕ್ಕೆ ತರಬೇಕಾಗುತ್ತದೆ. ಹಾಗಾಗಿ ಈ ಶೋಧಕ್ಕೆ ಪ್ರಯೋಗಾಲಯದಷ್ಟೇ ವ್ಯಾಪಾರದ ದಾಖಲೆಗಳೂ ಬೇಕು. ಮಿಸೌರಿಯ ಹೊಸ ಗಣಿಗಳು 1960ರ ದಶಕದಲ್ಲಿ ತೆರೆದುಕೊಂಡ ಮೇಲೆ ಅಮೆರಿಕದ ಪೆಟ್ರೋಲಿನ ಅನುಪಾತ ಸುಮಾರು 1.15ರಿಂದ ಮೇಲೇರಿ 1970ರ ದಶಕದ ಕೊನೆಗೆ 1.2ನ್ನು ದಾಟಿತು. ಗಣಿ ಬದಲಾದದ್ದೇ ವಿಜ್ಞಾನಿಗಳಿಗೆ ತಾರೀಖು ಒತ್ತಿಕೊಟ್ಟಂತಾಯಿತು, ಏಕೆಂದರೆ 1960ರ ದಶಕದ ಸೀಸವನ್ನು 1970ರ ದಶಕದ ಸೀಸದಿಂದ ಗುರುತು ಹಿಡಿಯಲು ಅದರಿಂದ ದಾರಿಯಾಯಿತು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಇದು ಉಪಯೋಗಕ್ಕೆ ಬಂತು. ಅಲ್ಲಿನ ಹೂಳಿನ ಹಳೆಯ ಪದರಗಳಲ್ಲಿ, 19ನೇ ಶತಮಾನದ ಕೊನೆಯಲ್ಲಿ ಕಾರ್ಕೀನೆಜ್ ಜಲಸಂಧಿಯ ದಡದಲ್ಲಿ ಶುರುವಾದ ಸೆಲ್ಬಿ ಕುಲುಮೆಯ ಸೀಸ ಸಿಕ್ಕಿತು. ಅದರ ಮೇಲಕ್ಕೆ ಪೆಟ್ರೋಲಿನದು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು 1996ರ ಆರಂಭಕ್ಕೆ ಪೂರ್ತಿ ನಿಂತಿತು (ಭಾರತದಲ್ಲಿ 2000ದ ಫೆಬ್ರವರಿಗೆ). ಗಾಳಿಯ ಸೀಸ ಅದಕ್ಕೂ ಮುಂಚೆಯೇ ಇಳಿದಿತ್ತು. ಆದರೆ 1990ರ ದಶಕದುದ್ದಕ್ಕೂ ಕೊಲ್ಲಿಯ ದಕ್ಷಿಣ ಭಾಗದ ನೀರನ್ನು ಅಳೆದಾಗ ಅನುಪಾತ ಹೆಚ್ಚೇನೂ ಕದಲಿರಲಿಲ್ಲ. ನೀರಿನಲ್ಲಿದ್ದದ್ದು ಆ ವರ್ಷದ ಸೀಸವಲ್ಲ, ದಶಕಗಳ ಹಿಂದೆ ಕಾರುಗಳು ಉಗುಳಿದ್ದು. ತಳದ ಹೂಳು ಕದಡಿದಾಗಲೆಲ್ಲ ಅದೇ ಸೀಸ ಮತ್ತೆ ಮೇಲೆದ್ದು ನೀರಿಗೆ ಸೇರುತ್ತಿತ್ತು.